ಹದಿನಾಲ್ಕು ಜನರ ಕ್ಲಾಸು

ಮಗಳೇ ಮಾರ್ಲೀನಾ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ವಿಳಾಸ ಕೊಟ್ಟವಳು ಕಾಲೇಜಿನಲ್ಲಿ ನಿನ್ನ ರೂಮಿನಲ್ಲಿದ್ದ ಹುಡುಗಿ. ಅವಳ ಮೇಲೆ ಸಿಟ್ಟಾಗಬೇಡ. ಕ್ಷೌರದ ಕತ್ತರಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಓದಿನಲ್ಲಿ ನೀನು ಎಲ್ಲರಿಗಿಂತ ಮುಂದಿದ್ದವಳಲ್ಲ, ಹಿಂದೆ ಬಿದ್ದವಳೂ ಅಲ್ಲ. ಕೊಟ್ಟ ಕೆಲಸವನ್ನು ಒಂದು ದಿನವೂ ಅರ್ಧಕ್ಕೆ ಬಿಟ್ಟವಳಲ್ಲ. ಪಿಟ್ಸ್‌ಬರ್ಗಿನ ನಡುಮಧ್ಯೆ, ಬಸ್ ನಿಲ್ದಾಣದ ಎದುರಿನ ಆ ಮೂರು ಕಟ್ಟಡದ ಕಾಲೇಜನ್ನು ನೋಡಿ ಬಂದ ದಿನ ನೀನು ಹೇಳಿದ್ದೆ: "ಅಪ್ಪಾ, ಅಲ್ಲಿ ಕ್ಲಾಸಲ್ಲಿ ಹದಿನಾಲ್ಕೇ ಜನ. ಕೈ ಎತ್ತಿದ್ರೆ ಕಾಣ್ಸುತ್ತೆ." ಹೈಸ್ಕೂಲಿನ ನಾಲ್ಕು ವರ್ಷ ನಿನ್ನ ಕೈ ಯಾರಿಗೂ ಕಾಣಿಸಿರಲಿಲ್ಲವೆಂದು ನನಗೆ ಆಗ ಹೊಳೆಯಲೇ ಇಲ್ಲ.

ಮಕ್ಕಳ ಕಾಲೇಜಿನ ಹೆಸರನ್ನು ಕಾರಿನ ಹಿಂದಿನ ಗಾಜಿಗೆ ಅಂಟಿಸದ ಅಪ್ಪ ನಮ್ಮ ಬೀದಿಯಲ್ಲಿ ನಾನೊಬ್ಬನೇ. ನೀನು ತಂದುಕೊಟ್ಟ ಸ್ಟಿಕರನ್ನು ಅಂಗಡಿಯ ಡ್ರಾಯರಿನಲ್ಲಿ ಹಳೇ ಬ್ಲೇಡುಗಳ ಜೊತೆ ಇಟ್ಟೆ. ಅದೇ ಬೀದಿಯ ಲೆನ್ನಿ ಕುಬಿಯಾಕನ ಮಗ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದ್ದ. ಒಂದು ದಿನ ಲೆನ್ನಿ ಕ್ಷೌರಕ್ಕೆಂದು ಕುರ್ಚಿಯಲ್ಲಿ ಕೂತು, "ನಿನ್ ಮಗ್ಳ ಕಾಲೇಜಿನ ಹೆಸ್ರೇ ಕೇಳಿಲ್ವಲ್ಲೋ. ಟೈಪಿಂಗ್ ಕಲ್ಸೋ ಜಾಗಾನಾ?" ಎಂದು ಕೆಣಕಿದ. ನನ್ನ ಮರ್ಯಾದೆಯೇ ಹೋದಂತಾಯಿತು. "ಒಂದೇ ವರ್ಷ ಕಣೋ, ಆಮೇಲೆ ದೊಡ್ಡದಕ್ಕೇ ಹೋಗ್ತಾಳೆ" ಎಂದೆ. ನೀನು ಹಿಂದೆ ಟವೆಲ್ ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ.

ಆ ಮಾತನ್ನು ನಿಜ ಮಾಡಲು ಹೊರಟೆಯಲ್ಲೇ. ಹೇಗೂ ಬಿಟ್ಟು ಹೋಗುವವಳೆಂದು ಅಲ್ಲಿ ನೀನು ಯಾರನ್ನೂ ಹಚ್ಚಿಕೊಳ್ಳಲಿಲ್ಲವಂತೆ. ನನಗಾಗಿ ದೊಡ್ಡದಕ್ಕೆ ಅರ್ಜಿ ಹಾಕಿದೆಯಂತೆ. ಏಪ್ರಿಲಿನಲ್ಲಿ ಅವರು ಬೇಡವೆಂದಾಗ, ನನಗೆ ಮುಖ ತೋರಿಸಲಾರದೆ ಇದ್ದ ಕಾಲೇಜನ್ನೂ ಬಿಟ್ಟೆ. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ, ನಿನ್ನ ರೂಮಿನ ಆ ಹುಡುಗಿಯಿಂದ.

ನೀನು ಕಾಲೇಜು ಬಿಟ್ಟು ಹೋದ ಮೂರನೇ ದಿನ, ನಿನಗೆ ಪಾಠ ಹೇಳುತ್ತಿದ್ದ ಟ್ರಿಂಬಲ್ ಮೇಡಂ ಅಂಗಡಿಗೇ ಫೋನ್ ಮಾಡಿದ್ದರು. "ಎರಡು ಕ್ಲಾಸಿಗೆ ಬಂದಿಲ್ಲ. ಅವಳು ತಪ್ಪಿಸೋಳಲ್ಲ, ಅದಕ್ಕೇ ಕೇಳ್ತಿದೀನಿ" ಎಂದರು. ದೊಡ್ಡದರಲ್ಲಿ ಸೀಟು ಸಿಕ್ಕಿರಬೇಕೆಂದು ಹಿಗ್ಗಿಹೋದ ನಾನು, "ಅವ್ಳು ಬೇರೆ ಕಡೆ ಹೋಗ್ತಾಳೆ ಮೇಡಂ" ಎಂದುಬಿಟ್ಟೆ. "ಈಗಷ್ಟೇ ಕೈ ಎತ್ತೋಕೆ ಶುರು ಮಾಡಿದ್ಲು" ಎಂದು ಹೇಳಿ ಅವರು ಫೋನ್ ಇಟ್ಟರು. ನಿನ್ನನ್ನು ಹುಡುಕಿಕೊಂಡು ಬಂದ ಒಬ್ಬರೇ ಒಬ್ಬರನ್ನೂ ನಾನೇ ವಾಪಸ್ ಕಳಿಸಿದೆ.

ಒಂದೂವರೆ ವರ್ಷವಾಯಿತು. ಒಹಾಯೋದ ಗೋದಾಮಿನಲ್ಲಿ ಡಬ್ಬ ಕಟ್ಟುತ್ತೀಯಂತೆ. ಅಲ್ಲಿ ನೂರಾರು ಜನರಿದ್ದಾರಂತೆ.

ಸ್ಟಿಕರನ್ನು ಕಾರಿಗೆ ಅಂಟಿಸಿದ್ದೇನೆ. ಮೊನ್ನೆ ಲೆನ್ನಿ ಅದನ್ನು ನೋಡಿ, "ಮಗ್ಳು ಈಗ ಎಷ್ಟನೇ ವರ್ಷ?" ಎಂದ. "ಮೂರನೇದು" ಎಂದು ನಾನೇ ಮುಂದುವರಿಸಿದೆ: "ಒಳ್ಳೇ ಕಾಲೇಜು ಕಣೋ. ಕ್ಲಾಸಲ್ಲಿ ಹದಿನಾಲ್ಕೇ ಜನ."

ನೀನು ಕೈ ಎತ್ತಿದರೆ ನೋಡುವವರು ಒಬ್ಬರಾದರೂ ನಿನಗೆ ಅಲ್ಲಿ ಸಿಗಲಿ, ತಾಯಿ.

ನೋಡದೇ ಹೋದ ನಿನ್ನ
ಅಪ್ಪ