ನಟ್ಟನಡುವಿನ ಮನೆ

ಮಂಗಳವಾರ, ಬೆಳಗ್ಗೆ ಹತ್ತೂವರೆ
ಆಫೀಸಿನ ಮೆಟ್ಟಿಲ ಮೇಲಿಂದ

ಪ್ರೀತಿಯ ಅಕ್ಕಾ,

ಭಾವ ಕಣ್ಣು ಬಿಟ್ಟರು ಅಂತ ನರ್ಸ್ ಫೋನಿನಲ್ಲಿ ಹೇಳಿದಾಗ ಇಲ್ಲೇ ಕೂತು ಬರೆಯತೊಡಗಿದೆ. ಮಾತು ಇನ್ನೂ ಬಂದಿಲ್ಲವಂತೆ, ಬಲಗೈ ಏಳುತ್ತಿಲ್ಲವಂತೆ. ಅವರು ಬಿದ್ದು ನಾಲ್ಕು ದಿನವಾಯಿತು ಕಣೇ. ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಈ ಕಾಗದ.

ನಾಳೆ ವಿಚಾರಣೆಯವರ ಮುಂದೆ, ಆಂಬುಲೆನ್ಸ್ ಬಾರದ್ದಕ್ಕೆ ತಪ್ಪೆಲ್ಲ ನನ್ನದೇ ಅಂತ ಬರೆದುಕೊಡುತ್ತೀಯಂತೆ. ನಿನ್ನ ದಮ್ಮಯ್ಯ, ಸಹಿ ಹಾಕಬೇಡ. ಮೊದಲು ಇದನ್ನು ಪೂರ್ತಿ ಓದು.

ಆಂಬುಲೆನ್ಸ್ ಕರೆಸುವ ಆ ವೆಬ್ ಸೇವೆ ಕೆಟ್ಟಿರಲೇ ಇಲ್ಲ! ನಿನ್ನೆ ಇದು ಗೊತ್ತಾದಾಗ ನನಗೆ ಸಿಡಿಲು ಬಡಿದ ಹಾಗಾಯಿತು. ಭಾವ ಅಡುಗೆಮನೆಯಲ್ಲಿ ಬಿದ್ದಾಗ ನೀನು ಮಾಡಿದ ಕರೆ ತಕ್ಷಣ ತಲುಪಿತ್ತು. ನಿಮ್ಮ ಬೀದಿಯ ಆ ತುದಿಯ ನಿಲ್ದಾಣದಲ್ಲೊಂದು ಗಾಡಿ, ಈ ತುದಿಯದರಲ್ಲೊಂದು, ಎರಡೂ ಖಾಲಿ. ಚಾಲಕರಿಬ್ಬರೂ ಆದೇಶ ಬರಲೆಂದು ಸೀಟಿನಲ್ಲೇ ಕೂತಿದ್ದರು. ಹತ್ತಿರದ್ದು ಯಾವುದು ಅಂತ ಯಂತ್ರ ಲೆಕ್ಕ ಹಾಕಿತು. ಎರಡು ದೂರಗಳನ್ನೂ ದಶಾಂಶದ ಹತ್ತು ಅಂಕಿಯವರೆಗೆ ನೋಡಿತು, ಸಮ. ಇಪ್ಪತ್ತು, ಸಮ. ಸಾವಿರ, ಆಗಲೂ ಸಮ. ನಕ್ಷೆಯಲ್ಲಿ ನಿಮ್ಮ ಮನೆ ಎರಡರ ನಟ್ಟನಡುವೆ ಇದೆ. ನಮಗೇನು, ಎರಡು ಕಡೆಯಿಂದಲೂ ಗಾಡಿ ಓಡಿಬರುತ್ತೆ ಅಂತ ಭಾವ ಜಂಬ ಕೊಚ್ಚುತ್ತಿದ್ದರಲ್ಲ! ನೋಡಿದ್ದು ಸಾಕು, ಯಾವುದಾದರೊಂದನ್ನು ಕಳಿಸು ಅಂತ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಹತ್ತೊಂಬತ್ತು ನಿಮಿಷದ ಮೇಲೆ ಎದುರುಮನೆಯ ದರ್ಜಿ ಭಾವನನ್ನು ಆಸ್ಪತ್ರೆಗೆ ಒಯ್ಯಲು ತನ್ನ ಕಾರು ತೆಗೆದಾಗಲೂ ಅದು ಅಂಕಿ ನೋಡುತ್ತಲೇ ಇತ್ತು.

ಹೌದು, ಯಂತ್ರ ಹಾಗೆ ನೋಡುತ್ತಲೇ ಇರುವಂತೆ ಮಾಡಿದ ಸಾಲು ನಿನ್ನದೇ. ಹಳೆಯ ಪ್ರೋಗ್ರಾಂ ದೂರದ ಕೊನೆಯ ಅಂಕಿಗಳನ್ನು ಕತ್ತರಿಸಿ ತಪ್ಪು ಗಾಡಿ ಕಳಿಸುತ್ತದೆ ಅಂತ ನಾನು ಗೋಗರೆದಾಗ, ಊಟದ ಮೇಜಿನ ಮೇಲೆ ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟೆ: ಅಂಕಿ ಕತ್ತರಿಸಬೇಡಿ, ವ್ಯತ್ಯಾಸ ಸಿಗುವತನಕ ನೋಡಿ. ನಾನು ಅದನ್ನು ಹಾಗೇ ಆಫೀಸಿಗೆ ಹೊತ್ತುಕೊಂಡು ಹೋದೆ.

ಆದರೆ ನಿನ್ನ ವಿದ್ಯೆಯೇ ಬೇರೆ. ವಾಸ್ತವ ಸಂಖ್ಯೆಗಳ ಲೆಕ್ಕಕ್ಕೆ ಎಷ್ಟು ಹೆಜ್ಜೆ ಬೇಕು ಅಂತ ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡವಳು ನೀನು. ಕೊನೆಯಿಲ್ಲದ ಅಂಕಿಗಳ ಎರಡು ಸಂಖ್ಯೆ ಕೊಟ್ಟರೂ ನಿನ್ನ ಕಾಗದದ ಮೇಲಿನ ಯಂತ್ರ ಚಿಕ್ಕದೋ, ದೊಡ್ಡದೋ, ಸಮವೋ ಅಂತ ಒಂದೇ ಹೆಜ್ಜೆಯಲ್ಲಿ ಹೇಳಿಬಿಡುತ್ತದೆ. ನಮ್ಮ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಗೆ ಆ ಭಾಗ್ಯ ಎಲ್ಲಿ? ಅದು ಒಂದೊಂದೇ ಅಂಕಿ ನೋಡಬೇಕು. ಸಮವಾಗಿದ್ದರೆ ಮುಗಿಯುವುದೇ ಇಲ್ಲ. ಆ ಅಂತರ ಹಿಡಿಯುವುದು ನಿನ್ನ ಕೆಲಸವಲ್ಲ, ನನ್ನದು. ಎರಡು ಸೆಕೆಂಡಿನೊಳಗೆ ಉತ್ತರ ಕೊಡುತ್ತೇವೆ ಎಂಬ ಪ್ರೋಗ್ರಾಂ ಬರೆದವರ ಮಾತನ್ನು ಪರೀಕ್ಷಿಸಿ, ಗುಣಮಟ್ಟ ಸರಿಯಿದೆ ಅಂತ ಸಹಿ ಹಾಕಿದವಳು ನಾನು.

ಕಣ್ಣು ಮುಚ್ಚಿ ಆರಿಸಿದ ಲಕ್ಷ ಜಾಗಗಳಿಂದ ಪರೀಕ್ಷೆಯ ಕರೆ ಕಳಿಸಿದೆ. ಒಂದೇ ಒಂದು ಕರೆಯೂ ನಿಂತುಹೋಗಲಿಲ್ಲ. ಹಾಗೆ ಆರಿಸಿದರೆ ನಟ್ಟನಡುವೆ ಬೀಳುವ ಸಂಭವ ಸೊನ್ನೆ ಅಂತ ನೀನೇ ಒಮ್ಮೆ ನಕ್ಕಿದ್ದೆ. ಆ ಸೊನ್ನೆಯೊಳಗೆ ಒಂದು ಮನೆ ಇರುತ್ತದೆ, ಮನೆಯಲ್ಲಿ ಭಾವ ಇರುತ್ತಾರೆ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಮ್ಯಾನೇಜರ್ ಬೆಳಗ್ಗೆ ಕರೆದು, ನಿಮ್ಮಕ್ಕನೇ ಒಪ್ಕೋತಾರಂತಲ್ಲ, ನೀವ್ಯಾಕೆ ಬಾಯಿ ಬಿಡ್ತೀರಿ ಅಂದ. ಮೈಯೆಲ್ಲ ಉರಿದುಹೋಯಿತು. ಆದರೂ ನಾಚಿಕೆಗೆಟ್ಟು ತಲೆಯಾಡಿಸಿ ಬಂದೆ. ನೀನು ಊಟ ಬಿಡಬೇಡ. ಭಾವನ ಕಾಲು ಒತ್ತು, ಅವರಿಗೆ ಇಷ್ಟ.

ನಿನ್ನ ತಲೆಹರಟೆ ತಂಗಿ

ತಾ.ಕ.: ಕಾಗದ ಮಡಿಚಿದವಳು ಮತ್ತೆ ಬಿಚ್ಚಿದೆ. ಒಂದೂ ಕರೆ ನಿಲ್ಲಲಿಲ್ಲ ಅಂದದ್ದು ಸುಳ್ಳು ಅಕ್ಕಾ. ಯಾವ ಸೇವೆ ಪರೀಕ್ಷಿಸಿದರೂ ಮೊದಲ ಕರೆ ನಿನ್ನ ಮನೆಯ ವಿಳಾಸದಿಂದ ಕಳಿಸುವುದು ನನ್ನ ರೂಢಿ, ಒಳ್ಳೆಯದಾಗಲಿ ಅಂತ. ಅವತ್ತೂ ಕಳಿಸಿದೆ. ಉತ್ತರ ಬರಲಿಲ್ಲ. ಐದು ನಿಮಿಷ ಕಾದೆ. ನೆಟ್ ಕೈಕೊಟ್ಟಿರಬೇಕು ಅಂದುಕೊಂಡು ಪರೀಕ್ಷೆಯ ಪಟ್ಟಿಯಿಂದ ಆ ಸಾಲು ಅಳಿಸಿ, ಪಕ್ಕದ ಬೀದಿಯ ವಿಳಾಸ ಹಾಕಿದೆ. ಅದಕ್ಕೆ ಅರ್ಧ ಸೆಕೆಂಡಿನಲ್ಲಿ ಉತ್ತರ ಬಂತು. ಅಳಿಸಿದ ಸಾಲು ಹಳೆಯ ಕಡತದಲ್ಲಿ ಇನ್ನೂ ಇದೆ. ಪ್ರತಿ ತೆಗೆದು, ನನ್ನ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಾಳೆ ವಿಚಾರಣೆಯವರಿಗೆ ಅದನ್ನು ಕೊಡು. ಭಾವನಿಗೆ ಮಾತು ಬಂದಾಗ ಮೊದಲ ಬೈಗುಳ ನನಗೇ ಇರಲಿ. ವಾರ್ಡಿನ ಬಾಗಿಲ ಹೊರಗೆ ನಿಂತಿರುತ್ತೇನೆ, ನೀನು ಕರೆದರೆ ಮಾತ್ರ ಒಳಗೆ ಬರುತ್ತೇನೆ.