ಅಳಿಸಿಹೋದ ಅಳು

ಬಿಷ್ಕೆಕ್, ನವೆಂಬರ್ 14, ಗುರುವಾರ

ನಾವೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಬುರುಲ್ಸುನ್ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ನನ್ನ ಅಳು ನಿಮಗೂ ಬೇಡವಾಯ್ತೇನೇ, ಮಗಳೇ?"

ಹೊಲಿಗೆ ಕಾರ್ಖಾನೆಯ ಬೆಂಕಿಯಲ್ಲಿ ಮಗಳನ್ನು ಕಳೆದುಕೊಂಡವಳು. ನಮ್ಮ ಹೊಲಿಗೆ ಹೆಂಗಸರ ಸಂಘದ ಅಂತರ್ಜಾಲ ಚರ್ಚಾತಾಣದಲ್ಲಿ ಮೊದಲ ಸಲ ಬರೆದಿದ್ದಳು. ಸಾವಿನ ಮನೆಯಲ್ಲಿ ನಾವು ಹಾಡಿಕೊಂಡು ಅಳುವ ಕೋಶೋಕ್ ಅದು. 'ಮಣ್ಣೇ, ನನ್ನನ್ನೂ ನುಂಗು; ಕಾರ್ಖಾನೆ ಬಾಗಿಲಿಗೆ ಬೀಗ ಹಾಕಿದವನ ಕೈ ಉದುರಿಹೋಗಲಿ' ಎಂಬ ಸಾಲುಗಳಿದ್ದವು. ನಾವು ಪರೀಕ್ಷೆಗೆಂದು ಹಾಕಿಕೊಂಡಿದ್ದ ತಂತ್ರಾಂಶದ ಕೃತಕ ಬುದ್ಧಿ ಅದನ್ನು ಹಿಂಸೆಯ ಮಾತೆಂದು ಅಳಿಸಿಹಾಕಿತು.

ಅದೇ ಬುದ್ಧಿ ಕಾರ್ಖಾನೆ ಮಾಲೀಕನ ಬಾಲಬಡುಕರ ಬೈಗುಳಗಳನ್ನು ಕ್ಷಣದಲ್ಲಿ ಹಿಡಿದುಹಾಕಿತ್ತು. ಅದಕ್ಕೇ ಮರುಳಾದೆ. ಅಳಿಸುವ ಅಧಿಕಾರ ಅದಕ್ಕೆ ಕೊಟ್ಟವಳು ನಾನೇ.

ತಾಣ ನೋಡಿಕೊಳ್ಳುವ ಜಿಲ್ದಿಜ್ ಹೇಳಿದಳು: "ಅಕ್ಕಾ, ಇನ್ನೊಂದು ಮುಕ್ತ ತಂತ್ರಾಂಶ ಇದೆ. ಅನುಮಾನ ಬಂದ್ರೆ ಪಕ್ಕಕ್ಕಿಡುತ್ತೆ ಅಷ್ಟೇ. ತೆಗೆಯೋದು, ಬಿಡೋದು ನಮ್ಮ ಕೈಲಿ. ಆದ್ರೆ ಆ ಹೊಲಸನ್ನೆಲ್ಲ ದಿನಾ ನೀವೇ ಓದ್ಬೇಕು."

"ಓದ್ತೀನಿ ಕಣೇ. ಮೂವತ್ತು ವರ್ಷ ಮುಷ್ಕರಗಳಲ್ಲಿ ಪೊಲೀಸರ ಬಾಯಿ ಕೇಳಿದ ಕಿವಿ ಇದು. ಅದನ್ನೇ ಹಾಕು."

ಸಂಜೆ ಅಪಾಳ ಮನೆಗೆ ಹೋದೆ. ತಪ್ಪಾಯಿತು, ಇನ್ನೊಮ್ಮೆ ಬರೆದುಕೊಡು ಎಂದೆ.

"ಅಳೋದನ್ನ ಯಾರಾದ್ರೂ ನಕಲು ಇಟ್ಕೋತಾರೇನೇ ಹುಚ್ಚಿ? ಕೂತ್ಕೋ, ಮೊದ್ಲು ಚಹಾ ಕುಡಿ."

ಆಮೇಲೆ ಹಾಡತೊಡಗಿದಳು. ಹೊಸ ಸಾಲುಗಳೇ ಬಂದವು. ನಾನು ಫೋನಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಮಗಳ ಹೆಸರು ಬಂದಲ್ಲಿ ನನ್ನ ಬೆರಳು ನಿಂತಿತು. ಅಪಾ ತನ್ನ ತಲೆವಸ್ತ್ರದ ತುದಿಯಿಂದ ನನ್ನ ಕಣ್ಣೊರೆಸಿದಳು.

"ಎಲ್ಲೀವರೆಗೆ ಬರ್ಕೊಂಡೆ? ನಿಧಾನಕ್ಕೆ ಹೇಳ್ತೀನಿ, ಬರಿ."

ಅರ್ಧವಾಗಿದೆ. ಉಳಿದರ್ಧಕ್ಕೆ ನಾಳೆ ಬಾ ಎಂದಿದ್ದಾಳೆ. ಹೋಗುವಾಗ ಅವಳಿಗೆ ಬಿಸಿ ರೊಟ್ಟಿ ಒಯ್ಯಬೇಕು.