ಲೌರಿಯ ಪಿಟೀಲಿನ ಪಕ್ಕದ ಕುರ್ಚಿ

ಬರಾವೋ, ಯೆಲ್ ದ್ವೀಪ, ಶೆಟ್‌ಲ್ಯಾಂಡ್
೯ ಮಾರ್ಚ್ ೧೯೫೭

ಪ್ರೀತಿಯ ರಾಸ್ಮಿ,

ನಿನ್ನ ಕೆಮ್ಮು ಈಗ ಹೇಗಿದೆ? ದಕ್ಷಿಣದ ಆ ಹಿಮದಲ್ಲಿ ನಿಂತು ತಿಮಿಂಗಿಲ ಸುಲಿಯುವವನಿಗೆ ಒಂದೇ ಜೊತೆ ಕಾಲುಚೀಲ ಎಲ್ಲಿ ಸಾಕಾದೀತು ಎಂದು ಇನ್ನೊಂದು ಹೆಣೆದು ಕಳಿಸಿದ್ದೇನೆ. ಎದೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನಪ್ಪನ ಮೊಣಕಾಲು ಮೊದಲಿನ ಹಾಗೇ ಇದೆ, ಬಾಯಿಯೂ ಹಾಗೇ.

ನಿನ್ನೆ ನಿನ್ನ ತಂಗಿ ಇಂಗಾಳ ಮದುವೆ ಮುಗಿಯಿತು. ಅದನ್ನು ಹೇಳಬೇಕಾದರೆ ಚಳಿಗಾಲದಿಂದಲೇ ಶುರು ಮಾಡಬೇಕು. ನೀನಿಲ್ಲದೆ ಅಪ್ಪನ ಪಿಟೀಲಿಗೆ ಜೊತೆ ಯಾರು ಎಂದು ಇಂಗಾ ಅಳುತ್ತ ಕೂತಾಗ, ನಿನ್ನ ಗಿಟಾರ್ ಇಳಿಸಿಕೊಂಡು ನಾನಿದ್ದೇನೆ ಅಂದುಬಿಟ್ಟೆ. ನೀನು ಕಲಿಸಿದ ಮೂರು ಕಾರ್ಡುಗಳು, ಒಟ್ಟಿಗೆ ಮೀಟುವ ಆ ಸ್ವರಗುಚ್ಛಗಳು, ನನಗೆ ಬರುತ್ತಿದ್ದವಲ್ಲ. ಅಪ್ಪ ಡಿ ಮೇಜರ್ ಶ್ರುತಿಯಲ್ಲಿ ಒಂದು ಕುಣಿತದ ಧಾಟಿ ಎತ್ತಿಕೊಂಡರು, ನಾನು ಆರೂ ತಂತಿ ಬಾರಿಸಿದೆ. ಅರ್ಧಕ್ಕೇ ಕಮಾನು ಇಳಿಸಿ, "ಇದೇನು ಗಿಟಾರೋ, ಗಾಳಿಗೆ ಬಡ್ಕೊಳ್ಳೋ ಕೊಟ್ಟಿಗೆ ಬಾಗಿಲೋ? ಮದ್ವೇಲಿ ನೀನು ಸೂಪು ಬಡ್ಸಮ್ಮ, ಸಾಕು" ಅಂದರು. ಅಂದು ರೊಟ್ಟಿ ಹಿಟ್ಟಿಗೆ ಬಿದ್ದ ಗುದ್ದುಗಳೆಲ್ಲ ಅವರ ಹೆಸರಿನವು.

ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಜೆಮಿಮಾಳ ಹತ್ತಿರ ಹೋಗಿ ಕೋಪವನ್ನೆಲ್ಲ ಕಾರಿಕೊಂಡೆ. ಅವಳು ನಗಲಿಲ್ಲ. "ದೋಣಿಗೆ ಕುರಿ ತುಂಬೋ ಹಾಗೆ ಸ್ವರ ಯಾಕೆ ತುಂಬ್ತೀಯೆ? ನಿನ್ ಮಾವ ಲೌರಿ ಪಿಟೀಲಲ್ಲಿ ಕೂಗ್ತಿರೋದನ್ನೇ ನೀನೂ ಕೂಗ್ಬೇಡ. ಅವನು ಬಿಟ್ಟಿದ್ದನ್ನ ಹೇಳು" ಅಂದಳು. ಅವಳು ಒಂದೊಂದೇ ಸ್ವರ ಒತ್ತಿ ಹಿಡಿಯುತ್ತಿದ್ದಳು, ನಾನು ತಂತಿಯಲ್ಲಿ ಹುಡುಕುತ್ತಿದ್ದೆ. ಕೆಳಗೊಂದು ಮಂದ್ರ, ಪಕ್ಕದ ತಂತಿ ಮೌನ, ನಡುವೆ ಮೂರು. ಡಿ ಕಾರ್ಡಿಗೆ ಅದರ ಏಳನೆಯ ಸ್ವರ ಸೇರಿಸಿದೆ. ಒಂಟಿಯಾಗಿ ಹುಳಿಯಾಗಿದ್ದ ಸ್ವರ ಉಳಿದವುಗಳ ನಡುವೆ ಕೂತದ್ದೇ ಜೇನಾಯಿತು. ಬೆರಳು ಸ್ವಲ್ಪ ಇಳಿಸಿದರೆ ಆರನೆಯ ಸ್ವರ. ಜಿ ಕಾರ್ಡಿಗೆ ದಾಟುವಾಗಲೂ ಅದು ಕೂತಲ್ಲೇ ಇರುತ್ತದೆ, ಸುತ್ತಲಿನವು ಮಾತ್ರ ಜಾಗ ಬದಲಿಸುತ್ತವೆ. ಇದು ಕೈಗೆ ಹತ್ತಿದ ದಿನ ಒಲೆಯ ಮೇಲಿನ ಮೀನು ಸೀದು ಕರಕಲಾಯಿತು, ನನಗೆ ವಾಸನೆಯೇ ಬರಲಿಲ್ಲ. ಅಪ್ಪನಿಗೆ ಕೇಳಬಾರದೆಂದು ಕೊಟ್ಟಿಗೆಯಲ್ಲೇ ಸಾಧನೆ ಮಾಡಿದೆ. ಹಸು ಹಾಲು ಕಡಿಮೆ ಮಾಡಲಿಲ್ಲ ಎಂಬುದೊಂದೇ ನನಗೆ ಸಿಕ್ಕಿದ ಮೆಚ್ಚುಗೆ.

ನಿನ್ನೆ ಸಭಾಂಗಣದಲ್ಲಿ ಅಪ್ಪ ಒಬ್ಬರೇ ಎರಡು ಧಾಟಿ ನುಡಿಸಿದರು. ಕುಣಿತಕ್ಕೆ ಕಳೆ ಕಟ್ಟಲಿಲ್ಲ. ಸೌಟು ಕೆಳಗಿಟ್ಟು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. "ಸೂಪು?" ಅಂದರು. "ಎಲ್ರದ್ದೂ ಆಯ್ತು. ನೀವು ಡಿ ಹಿಡೀರಿ" ಅಂದೆ. ಜನ ನೋಡುತ್ತಿದ್ದರು, ಬೇರೆ ದಾರಿಯಿರಲಿಲ್ಲ, ಅದೇ ಧಾಟಿ ಎತ್ತಿದರು. ಮೊದಲ ಸುತ್ತಿಗೆ ಅವರ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಕಿವಿ ನನ್ನ ಕಡೆ ವಾಲಿತು. ಆಮೇಲೆ ಹೆಜ್ಜೆಗೊಂದು ಕಾರ್ಡ್ ಏರಿಸುತ್ತ ಹೋದೆ ರಾಸ್ಮಿ, ಕೈ ತಾನಾಗಿ ಓಡುತ್ತಿತ್ತು. ಗೋಡೆಗೆ ಒರಗಿದ್ದ ಮುದುಕರೂ ಎದ್ದು ಬಂದರು. ನಿಲ್ಲಿಸಬೇಕಾದ ಕಡೆ ಅಪ್ಪ ನಿಲ್ಲಿಸಲಿಲ್ಲ, ಮತ್ತೆ ಮೊದಲಿಗೆ ಹೊರಟರು. ಮುಗಿದಾಗ ಬೆವರು ಒರೆಸಿಕೊಂಡು, "ಹುಡುಗನಾಗಿದ್ದಾಗಿಂದ ನುಡಿಸ್ತಿದೀನಿ, ಇದರೊಳಗೆ ಇಷ್ಟು ಜಾಗ ಇತ್ತೇನೇ?" ಅಂದರು. ಮತ್ತೆ ಬೀಗರ ಕಡೆ ತಿರುಗಿ, ಯಾರೂ ಕೇಳದಿದ್ದರೂ, "ನನ್ನ ಸೊಸೆ" ಅಂದರು.

ಇಂಗಾ, ಜೆಮಿಮಾ ನಿನ್ನನ್ನು ನೆನೆದಿದ್ದಾರೆ. ಕಡಲು ನಿನ್ನ ಮೇಲೆ ಕರುಣೆಯಿಟ್ಟು ಬೇಗ ಮನೆಗೆ ತಲುಪಿಸಲಿ.

ನಿನ್ನ
ಓಸ್ಲಾ

ಮರೆತಿದ್ದೆ, ಅಂಚೆಯ ದೋಣಿ ಹೊರಡುತ್ತಿದೆ: ಬೇಸಿಗೆಯ ದೋಣಿಪಂದ್ಯದ ಕುಣಿತಕ್ಕೆ ಮದುವೆಗೆ ಬಂದಿದ್ದ ಲರ್ವಿಕ್ ಪೇಟೆಯವರು ಅಪ್ಪನನ್ನೂ ನನ್ನನ್ನೂ ಕರೆದಿದ್ದಾರೆ, ಒಪ್ಪಿಕೊಂಡಾಯಿತು. ಬರುವ ದಾರಿಯಲ್ಲಿ ನಿನಗೊಂದು ಗಿಟಾರ್ ಕೊಂಡುಕೋ. ಇದನ್ನು ನಾನು ಕೊಡುವುದಿಲ್ಲ.